ಬಲಗೈ ಹೆಬ್ಬೆರಳು

ಹಟ್ಟಿ ಚಿನ್ನದ ಗಣಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದ ದುರುಗೇಶನಿಗೆ ಯುಗಾದಿಯ ಮರುದಿನ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಕಾಲೂ ಹೇಗೋ ನೆಲ ಹಿಡಿಯಿತು. ಬಲಗೈ ಮಾತ್ರ ಜೋತುಬಿದ್ದೇ ಇತ್ತು. ತಲೆಗೆ ಆಯಸ್ಕಾಂತದ ಯಂತ್ರ ಹಿಡಿದು ಮಿದುಳನ್ನು ಎಚ್ಚರಿಸುವ ಚಿಕಿತ್ಸೆ ಸಿಂಧನೂರಿನ ಆಸ್ಪತ್ರೆಗೂ ಬಂದಿದೆ ಎಂದು ಯಾರೋ ಹೇಳಿದರು. ಹೆಂಡತಿ ಗ್ಯಾನಮ್ಮ ಮಳೆಗಾಲ ಮುಗಿಯುತ್ತಲೇ ಅವನನ್ನು ಬಸ್ಸು ಹತ್ತಿಸಿ ಕರೆತಂದಳು.

ಯಂತ್ರ ನಡೆಸುವ ಅನುಪಮಾ ಮೊದಲೇ ತಿಳಿಸಿದಳು.

"ಇವತ್ತ ಚಿಕಿತ್ಸೆ ಇಲ್ಲಕ್ಕಾ. ಅಣ್ಣಗ ಎಷ್ಟು ಜೋರು ಕೊಡಬೇಕು ಅಂತ ನೋಡತೀವಿ. ಎಷ್ಟಕ್ಕ ಹೆಬ್ಬೆರಳು ಜಿಗೀತೈತೋ ಅದ ಅವರ ಅಳತಿ."

ಮೊದಲು ಎಡಗೈಯ ಸರದಿ. ಅದನ್ನು ಆಡಿಸುವುದು ಮಿದುಳಿನ ಬಲಭಾಗ, ತಲೆಯ ಆ ಕಡೆಗೆ ಯಂತ್ರದ ಸುರುಳಿ ಹಿಡಿದಳು. ಟಕ್ ಎಂದಿತು. ತುಸು ಏರಿಸಿದಳು. ಎಡ ಹೆಬ್ಬೆರಳು ತಾನೇ ಕುಣಿಯಿತು.

"ನಾ ಅಲ್ಲಾಡಿಸಿಲ್ರೀ ಮೇಡಂ, ಅದ ಜಿಗೀತು!" ದುರುಗೇಶ ನಕ್ಕುಬಿಟ್ಟ. ಅವನು ನಕ್ಕು ಎಷ್ಟೋ ತಿಂಗಳಾಗಿತ್ತು.

ಸುರುಳಿ ತಲೆಯ ಎಡಭಾಗಕ್ಕೆ ಬಂತು. ಗ್ಯಾನಮ್ಮ ಗಂಡನ ಬಲಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡಳು. ಅನುಪಮಾ ಜಾಗ ಬದಲಿಸಿ ನೋಡಿದಳು, ಜೋರು ಏರಿಸುತ್ತ ಹೋದಳು. ಬೆರಳು ಮಿಸುಕಲಿಲ್ಲ.

"ಜಿಗೀತು! ಈಗ ಜಿಗೀತು ನೋಡ್ರೀ!" ಗ್ಯಾನಮ್ಮ ಕೂಗಿದಳು.

ಅನುಪಮಾ ಆ ಕೈಯನ್ನು ಮೆಲ್ಲಗೆ ಬಿಡಿಸಿ ದಿಂಬಿನ ಮೇಲಿಟ್ಟಳು. ಮತ್ತೆ ಟಕ್. ಮತ್ತೊಮ್ಮೆ. ಯಂತ್ರ ಏರಬಹುದಾದಷ್ಟೂ ಏರಿತ್ತು.

"ನಡುಗಿದ್ದು ನಿಮ್ಮ ಕೈ ಅಕ್ಕಾ."

ಗ್ಯಾನಮ್ಮ ಗಂಡನತ್ತ ತಿರುಗಿದಳು. "ನೀವರೆ ಹೇಳ್ರೀ. ನಿಮಗ ಗೊತ್ತಾಗಿರಬೇಕಲ್ಲ?"

ದುರುಗೇಶ ತಲೆ ತಗ್ಗಿಸಿದ. "ನೀ ಹಿಡಕೊಂಡಿದ್ದ ನನಗ ಗೊತ್ತಾಗಿಲ್ಲ. ದಿನಾ ಎಣ್ಣಿ ತಿಕ್ಕಿ, ಗೊತ್ತಾಗತೈತೇನು ಅಂತ ಕೇಳತಿದ್ದಿ. ನಿನ್ನ ಮನಸಿಗೆ ಹೂಂ ಅಂತಿದ್ದೆ. ಒಂದಿನಾನೂ ಗೊತ್ತಾಗಿಲ್ಲ."

ಡಾಕ್ಟರು ಬಂದು ಕೂತು ನಿಧಾನವಾಗಿ ವಿವರಿಸಿದರು. ಮಿದುಳಿನಿಂದ ಆ ಕೈಗೆ ಹೋಗುವ ದಾರಿ ಬಹುತೇಕ ಕಡಿದುಹೋಗಿದೆ. ಈ ಯಂತ್ರದ ಮೇಲೆ ಆಸೆ ಇಡಬೇಡಿ, ಎಡಗೈಗೆ ಕೆಲಸ ಕಲಿಸಿ. ಗ್ಯಾನಮ್ಮ ಎಲ್ಲಕ್ಕೂ ತಲೆಯಾಡಿಸಿದಳು.

ಬಸ್ಸು ಮಸ್ಕಿ ದಾಟುವವರೆಗೂ ಅವಳು ತಡೆದುಕೊಂಡಳು. ಆಮೇಲೆ ಸೆರಗು ಬಾಯಿಗೊತ್ತಿ ಅತ್ತಳು. ದುರುಗೇಶ ಎಡಗೈಯಿಂದ ಅವಳ ಕಣ್ಣೊರೆಸಲು ಹೋದ. ರೂಢಿಯಿಲ್ಲದ ಕೈ, ಉಗುರು ರೆಪ್ಪೆಗೆ ತಾಗಿತು.

"ನೋವಾತೇನ?"

"ಇಲ್ರೀ," ಎಂದು ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.