ಸೇಂಟ್ ವಾಲ್ಬರ್ಗಾ ಶಾಲೆಯ ಹೊಟ್ಟೆನೋವು

ಜನೆಲ್ ತೀಲೆನ್ ಬಾಗಿಲು ತೆಗೆದಾಗ ಹೊರಗೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲಿನ ಹಿಮದಲ್ಲಿ ಒಂದು ಗಾಜಿನ ಪಾತ್ರೆ ಬಿಸಿಬಿಸಿ ಹಬೆಯಾಡುತ್ತ ಕೂತಿತ್ತು. ರಸ್ತೆಯ ತಿರುವಿನಲ್ಲಿ ಯಾರದೋ ಕಾರು ಕಳ್ಳನಂತೆ ಮರೆಯಾಯಿತು.

"ಮತ್ತೆ ಹಾಟ್‌ಡಿಶ್ಶಾ?" ಅಡುಗೆಮನೆಯಿಂದ ಗಂಡ ಕರ್ಟ್ ಕೂಗಿದ. "ಹೆನ್ಸ್ ಮನೆಯವರದಾ ನೋಡು. ಅವರು ಚೀಸ್ ಹಾಕೋದ್ರಲ್ಲಿ ಕೈ ಬಿಗಿಹಿಡಿಯಲ್ಲ."

"ನಂಗೇನೂ ಕಾಯಿಲೆ ಇಲ್ಲ, ಕರ್ಟ್."

"ಅದು ನಂಗೊತ್ತು ಕಣೇ. ಅವರಿಗೆ ಗೊತ್ತಿಲ್ವಲ್ಲ. ಗೊತ್ತಾಗೋವರೆಗೆ ತಿನ್ನೋಣ ಬಾ."

ಮಿನ್ನೆಸೋಟಾದ ಆ ಪುಟ್ಟ ಊರಿನಲ್ಲಿ ಯಾರಾದರೂ ಸತ್ತರೆ, ಹೆತ್ತರೆ, ಹಾಸಿಗೆ ಹಿಡಿದರೆ ಬಾಯಿಬಿಟ್ಟು ಸಮಾಧಾನ ಹೇಳುವವರು ಕಡಿಮೆ. ಮಾಂಸ, ಆಲೂಗಡ್ಡೆ, ಡಬ್ಬಿಯ ಸೂಪು ಎಲ್ಲ ಒಟ್ಟಿಗೆ ಬೇಯಿಸಿ ಬಾಗಿಲಲ್ಲಿ ಇಟ್ಟು ಓಡಿಹೋಗುತ್ತಾರೆ. ಹಾಗೆ ಇಟ್ಟುಹೋದ ಹಾಟ್‌ಡಿಶ್ಶುಗಳು ಈ ವಾರ ಊರಿನ ಚರ್ಚ್ ಶಾಲೆಯ ಎಲ್ಲ ಟೀಚರುಗಳ ಮನೆಯಲ್ಲೂ ತುಂಬಿದ್ದವು. ಜನೆಲ್‌ಳ ಫ್ರಿಜ್ಜಿನಲ್ಲಿ ಹಾಲಿಡಲು ಜಾಗವಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಸಣ್ಣ ಮಾತ್ರೆ. ಚರ್ಚಿನ ಆರೋಗ್ಯ ವಿಮೆ ಮಕ್ಕಳಾಗದಂತೆ ತಡೆಯುವ ಮಾತ್ರೆಗೆ ಚಿಕ್ಕಾಸೂ ಕೊಡುತ್ತಿರಲಿಲ್ಲ, ಅದು ಪಾಪ. ಅದೇ ಮಾತ್ರೆಯನ್ನು ಮುಟ್ಟಿನ ಹೊಟ್ಟೆನೋವಿಗೆಂದು ಡಾಕ್ಟರು ಬರೆದರೆ ಪೂರ್ತಿ ಕೊಡುತ್ತಿತ್ತು. ಆಗ ಅದು ಔಷಧಿ. ಹಾಗಾಗಿ ಸೇಂಟ್ ವಾಲ್ಬರ್ಗಾ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಹೆಂಗಸರಿಗೆಲ್ಲ ಸೇರಿದ ತಿಂಗಳೇ ಹೊಟ್ಟೆನೋವು ಶುರುವಾಗುತ್ತಿತ್ತು. ಡಾಕ್ಟರಿಗೆ ಗೊತ್ತು, ಔಷಧಿ ಅಂಗಡಿಯವನಿಗೆ ಗೊತ್ತು, ಗಂಡಂದಿರಿಗೆ ಗೊತ್ತು. ಆ ವರ್ಷ ಟಿವಿಯಲ್ಲಿ ದೊಡ್ಡ ಗಂಡಸರೆಲ್ಲ ಟೈ ಕಟ್ಟಿಕೊಂಡು ಈ ಮಾತ್ರೆಗೆ ವಿಮೆ ಇರಬೇಕೋ ಬೇಡವೋ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಮಾತ್ರೆಯ ವಿರುದ್ಧ ಬಿಷಪ್ಪರು ಬರೆದ ಖಾರವಾದ ಪತ್ರವನ್ನೂ ಪೂಜೆಯಲ್ಲಿ ಓದಿದ್ದರು. ಶಾಲೆಯ ಹೆಂಗಸರು ತಲೆಬಗ್ಗಿಸಿ ಕೇಳಿ, ಮನೆಗೆ ಹೋಗಿ ಮಾತ್ರೆ ನುಂಗಿದ್ದರು.

ಶಾಲೆಯಲ್ಲಿ ಗೊತ್ತಿಲ್ಲದಿದ್ದವರು ಒಬ್ಬರೇ, ಅದನ್ನು ನಡೆಸುವ ಪಾದ್ರಿ ಫಾದರ್ ಲಿಯಾಂಡರ್. ಎಪ್ಪತ್ತು ದಾಟಿದ ಮುದುಕರು. ವಿಮೆಯ ಏಜೆಂಟು ಫೋನು ಮಾಡಿ, "ಏನು ಫಾದರ್, ನಿಮ್ಮ ಶಾಲೇಲಿ ಇಷ್ಟೊಂದು ಹೊಟ್ಟೆನೋವು?" ಎಂದಾಗ ಅವರು ಗಾಬರಿಯಿಂದ ಶಾಲೆಯ ಆಫೀಸಿನ ಟ್ರೂಡಿಯನ್ನು ಕೇಳಿದರು. ಟ್ರೂಡಿ ಅಲ್ಲಿ ಮೂವತ್ತು ವರ್ಷದಿಂದ ಇದ್ದವಳು, ಸುಳ್ಳು ಹೇಳಿ ಅಭ್ಯಾಸವಿಲ್ಲದವಳು.

"ಹೌದು ಫಾದರ್, ಎಲ್ಲರಿಗೂ ನೋವು," ಎಂದಳು.

"ಎಲ್ಲರಿಗೂ? ನಿನಗೂನಾ ಟ್ರೂಡಿ?"

"ನಂಗೇ ಎಲ್ಲರಿಗಿಂತ ಜಾಸ್ತಿ," ಎಂದುಬಿಟ್ಟಳು ಅರವತ್ತಾರರ ಟ್ರೂಡಿ.

ಫಾದರ್ ಆ ರಾತ್ರಿ ನಿದ್ದೆ ಮಾಡಲಿಲ್ಲ. ಮರುದಿನವೇ ಸರ್ಕಾರದವರನ್ನು ಕರೆಸಿ ಶಾಲೆಯ ಬಾವಿಯ ನೀರು ಪರೀಕ್ಷೆ ಮಾಡಿಸಿದರು. ನೀರು ಚೆನ್ನಾಗಿಯೇ ಇತ್ತು. ಮನುಷ್ಯ ಪ್ರಯತ್ನ ಮುಗಿಯಿತು, ಇನ್ನು ದೇವರೇ ಗತಿ ಎಂದು ಭಾನುವಾರದ ಪೂಜೆಯಲ್ಲಿ ನಿಂತು, ಮುಂದಿನ ವಾರ ನಮ್ಮ ಟೀಚರುಗಳಿಗೆಲ್ಲ ರೋಗಿಗಳಿಗೆ ಹಚ್ಚುವ ಪವಿತ್ರ ಎಣ್ಣೆ ಹಚ್ಚುತ್ತೇನೆ, ಎಲ್ಲರೂ ಪ್ರಾರ್ಥಿಸಿ ಎಂದು ಕಣ್ಣೊರೆಸಿಕೊಂಡರು. ಆ ಸಂಜೆಯಿಂದಲೇ ಹಾಟ್‌ಡಿಶ್ಶುಗಳು ಬರತೊಡಗಿದವು.

"ಹೋಗಿ ಹಣೆ ಒಡ್ಡಿದ್ರಾಯ್ತು," ಎಂದಳು ಟ್ರೂಡಿ, ಜನೆಲ್ ಆಫೀಸಿಗೆ ಬಂದು ಜಗಳ ತೆಗೆದಾಗ. "ಒಂದು ತೊಟ್ಟು ಎಣ್ಣೆ. ಯಾರೂ ಸಾಯಲ್ಲ."

"ಅದು ಸಂಸ್ಕಾರ, ಟ್ರೂಡಿ! ವಿಮೆಯವನಿಗೆ ಸುಳ್ಳು ಹೇಳೋದು ಬೇರೆ. ಅವನೂ ನಮಗೆ ಹೇಳ್ತಾನೆ, ಸರಿಹೋಯ್ತು. ಕಾಯಿಲೆ ಇಲ್ದೆ ಆ ಎಣ್ಣೆ ಹಚ್ಚಿಸಿಕೊಳ್ಳೋಕೆ ನನ್ನಿಂದ ಆಗಲ್ಲ."

"ಹಂಗಾದ್ರೆ ನಿಜ ಹೇಳು. ನಾಳೆಯಿಂದ ಯಾರಿಗೂ ಮಾತ್ರೆ ಇಲ್ಲ. ನೀನು ಐದನೇದು ಹೆರು."

ಜನೆಲ್ ಬಂದ ದಾರಿಯಲ್ಲೇ ಕ್ಲಾಸಿಗೆ ಹಿಂದಿರುಗಿದಳು. ನಾಲ್ಕನೆಯ ಹೆರಿಗೆಯಲ್ಲಿ ಡಾಕ್ಟರೇ ಬೆವತಿದ್ದರು. ಐದನೆಯದು ಬೇಡವೇ ಬೇಡ ಎಂದು ಅವರು ಹೇಳುವ ಮೊದಲೇ ಅವಳ ಮೈ ಹೇಳಿತ್ತು. ಅವಳಿಗೆ ಮಕ್ಕಳೆಂದರೆ ಪ್ರಾಣ. ಆದರೆ ಆ ನಾಲ್ವರಿಗೆ ತಾಯಿಯೊಬ್ಬಳು ಬದುಕಿರಬೇಕಲ್ಲ. ಕರ್ಟ್ ಹಾಲಿನ ಲಾರಿ ಓಡಿಸುವವನು, ಅವನ ಕೆಲಸಕ್ಕೆ ವಿಮೆಯೇ ಇರಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ನುಂಗಲೂ ಆಗದೆ ಉಗುಳಲೂ ಆಗದೆ ಅವಳು ವಾರ ಕಳೆದಳು.

ಭಾನುವಾರ ಚರ್ಚು ತುಂಬಿತ್ತು. ಟೀಚರುಗಳು ಸಾಲಾಗಿ ನಿಂತರು, ಜನೆಲ್ ಮೊದಲು, ಟ್ರೂಡಿ ಕೊನೆಗೆ. ಮುಂದಿನ ಬೆಂಚಿನಲ್ಲಿ ಜನೆಲ್‌ಳ ಎರಡನೇ ಕ್ಲಾಸಿನ ಮಕ್ಕಳು ಕಣ್ಣರಳಿಸಿ ಕೂತಿದ್ದರು. ಮೊದಲ ಪಾಪನಿವೇದನೆಗೆ ಅವರನ್ನು ಅವಳೇ ತಯಾರು ಮಾಡುತ್ತಿದ್ದಳು. ದೇವರ ಮುಂದೆ ನಾಟಕ ಆಡಬಾರದು ಎಂದು ಮೊನ್ನೆ ತಾನೇ ಹೇಳಿಕೊಟ್ಟಿದ್ದಳು. ಫಾದರ್ ಹೆಬ್ಬೆರಳನ್ನು ಎಣ್ಣೆಯಲ್ಲಿ ಅದ್ದಿ ಅವಳ ಹಣೆಯತ್ತ ತಂದರು.

"ಬೇಡ ಫಾದರ್," ಎಂದಳು ಜನೆಲ್, ತುಟಿ ಅಲ್ಲಾಡದಂತೆ. "ನಂಗೆ ಕಾಯಿಲೆ ಇಲ್ಲ."

"ವಾಸಿ ಆಯ್ತೇನಮ್ಮಾ?"

"ಇರಲೇ ಇಲ್ಲ. ನಾಲ್ಕು ಮಕ್ಕಳಿದಾರೆ. ಸಾಕು ಅನ್ನಿಸ್ತು."

ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಫಾದರ್ ಅವಳ ಹಿಂದಿನ ಸಾಲನ್ನು ನೋಡಿದರು. ಒಬ್ಬೊಬ್ಬಳೂ ನೆಲದಲ್ಲಿ ಏನೋ ಕಳೆದುಕೊಂಡವಳಂತೆ ಕೆಳಗೆ ನೋಡುತ್ತಿದ್ದಳು. ಫಾದರ್ ಕಿವಿ ಮೆಲ್ಲಗೆ ಕೆಂಪಾಯಿತು. ಬಾವಿಯ ನೀರು, ಬಿಷಪ್ಪರ ಪತ್ರ, ಕಣ್ಣೊರೆಸಿಕೊಂಡದ್ದು ಎಲ್ಲ ಒಟ್ಟಿಗೆ ನೆನಪಾಗಿರಬೇಕು.

"ನಮ್ಮಮ್ಮನಿಗೆ ಹದಿಮೂರು," ಎಂದರು ಅವರು, ಅವಳಿಗೆ ಮಾತ್ರ ಕೇಳುವಂತೆ. "ಹದಿಮೂರನೇದು ನಾನು."

ಜನೆಲ್‌ಳ ಕಣ್ಣು ತುಂಬಿತು. ಆಮೇಲೆ ಕೇಳಿದಳು: "ಅಮ್ಮ ಹೇಗಿದ್ರು, ಫಾದರ್?"

ಹಿಂದೆ ಯಾರೋ ಕೆಮ್ಮಿದರು.

"ಕೂತಿದ್ದನ್ನ ನಾನು ನೋಡಿದ ನೆನಪಿಲ್ಲ," ಎಂದರು.

ಎಣ್ಣೆಯ ಬೆರಳನ್ನು ಬಟ್ಟೆಗೆ ಒರೆಸಿಕೊಂಡು, ಬರಿ ಬೆರಳಿನಿಂದ ಅವಳ ಹಣೆಯ ಮೇಲೆ ಶಿಲುಬೆ ಎಳೆದರು. ಆರೋಗ್ಯವಂತರಿಗೆ ಕೊಡುವ ಸಾದಾ ಆಶೀರ್ವಾದ. ಮುಂದಿನವಳಿಗೂ ಹಾಗೆಯೇ, ಅದರ ಮುಂದಿನವಳಿಗೂ. ಬೆಂಚಿನಲ್ಲಿದ್ದವರಿಗೆ ಯಾವುದೂ ತಿಳಿಯಲಿಲ್ಲ. ಕೊನೆಗೆ ಬಂದ ಟ್ರೂಡಿ ಮಾತ್ರ ಅಲುಗಾಡದೆ ನಿಂತಳು.

"ನಂಗೆ ಎಣ್ಣೇನೇ ಹಚ್ಚಿ ಫಾದರ್. ಮಂಡಿ ನಿಜವಾಗ್ಲೂ ನೋಯುತ್ತೆ."

ಸೋಮವಾರ ಬೆಳಿಗ್ಗೆ ವಿಮೆಯ ಏಜೆಂಟನ ಫೋನು ಬಂತು. ಟ್ರೂಡಿ ಅದನ್ನು ಫಾದರ್ ಕೋಣೆಗೆ ಕೊಟ್ಟು, ಬಾಗಿಲಿಗೆ ಕಿವಿಯಿಟ್ಟು, ಆಮೇಲೆ ಮಂಡಿನೋವು ಮರೆತವಳಂತೆ ಎರಡನೇ ಕ್ಲಾಸಿಗೆ ಓಡಿಬಂದಳು. ಆದರೆ ಕೇಳಿದ್ದನ್ನು ಜನೆಲ್‌ಗೆ ಹೇಳಲು ಆಗಲಿಲ್ಲ. ಹಿಂದೆಯೇ ಫಾದರ್ ಬಂದರು. ಸೋಮವಾರ ಮಕ್ಕಳಿಗೆ ಪಾಪನಿವೇದನೆಯ ಅಭ್ಯಾಸ ಮಾಡಿಸುವ ದಿನ; ಅವರು ಪಾಪ ಕೇಳುವ ಪಾದ್ರಿಯಾಗಿ ಕೂರುತ್ತಿದ್ದರು, ಮಕ್ಕಳು ಒಬ್ಬೊಬ್ಬರಾಗಿ ತಂಗಿಯನ್ನು ಚಿವುಟಿದ್ದು, ಕುಕೀ ಕದ್ದದ್ದು ಹೇಳುತ್ತಿದ್ದರು. ಜನೆಲ್ ಅವರ ಮುಖ ನೋಡಿದಳು. ಏನೂ ತಿಳಿಯಲಿಲ್ಲ.

"ಇವತ್ತು ಅದಲು ಬದಲು," ಎಂದರು ಫಾದರ್. "ಹೆನ್ರಿಯೆಟ್ಟಾ, ನೀನು ಫಾದರ್. ಕೂತ್ಕೋ."

ಮುಂದಿನ ಎರಡು ಹಲ್ಲಿಲ್ಲದ ಹೆನ್ರಿಯೆಟ್ಟಾ ಗಂಭೀರವಾಗಿ ಕುರ್ಚಿಯೇರಿದಳು. ಮುದುಕರು ಮೇಜು ಹಿಡಿದು, ನರಳಿ, ಅವಳ ಮುಂದೆ ಮಂಡಿಯೂರಿದರು. ಮಕ್ಕಳೆಲ್ಲ ಕಿಸಕ್ಕೆಂದು ನಕ್ಕರು.

"ನನ್ನನ್ನು ಆಶೀರ್ವದಿಸಿ ಫಾದರ್. ಇವತ್ತು ಬೆಳಿಗ್ಗೆ ಫೋನಲ್ಲಿ ಒಂದು ಸುಳ್ಳು ಹೇಳಿದೆ. ಹೊಟ್ಟೆನೋವು ಇಲ್ಲದವರಿಗೆ ಇದೆ ಅಂದೆ."

"ದೊಡ್ಡ ಸುಳ್ಳಾ, ಚಿಕ್ಕದಾ?"

"ಅದೇ ಗೊತ್ತಾಗ್ತಿಲ್ಲ."

ಹೆನ್ರಿಯೆಟ್ಟಾ ಕಾಲು ಆಡಿಸುತ್ತ ಯೋಚಿಸಿದಳು. "ಮೂರು ಸಲ ನಮೋ ಮರಿಯಾ ಪ್ರಾರ್ಥನೆ ಹೇಳಿ. ಇನ್ನು ಮೇಲೆ ಮಾಡಲ್ಲ ಅಂತಾನೂ ಹೇಳಿ."

ಫಾದರ್ ಮೂರು ನಮೋ ಮರಿಯಾ ಮಾತ್ರ ಹೇಳಿದರು.

"ಮಾಡಲ್ಲ ಅನ್ಬೇಕು ಫಾದರ್! ಇಲ್ದಿದ್ರೆ ಕ್ಷಮೆ ಸಿಗಲ್ಲ. ಮಿಸೆಸ್ ತೀಲೆನ್ ಹೇಳಿಕೊಟ್ಟಿದಾರೆ. ಅಲ್ವಾ ಮಿಸೆಸ್ ತೀಲೆನ್?"

"ವಿಮೆಯವನು ಪ್ರತಿ ತಿಂಗಳೂ ಫೋನ್ ಮಾಡಿ ಕೇಳ್ತಾನಂತೆ ಕಣಮ್ಮಾ," ಎಂದರು ಫಾದರ್, ಮಂಡಿಯ ಮೇಲಿಂದ ಏಳದೆ.

ಮಕ್ಕಳೆಲ್ಲ ಟೀಚರತ್ತ ತಿರುಗಿದರು. ಜನೆಲ್ ಅವರಿಗೆ ಬೆನ್ನು ಮಾಡಿ ನಿಂತು, ಒಂದಕ್ಷರವೂ ಬರೆದಿರದ ಕರಿಹಲಗೆಯನ್ನು ಮೇಲಿನಿಂದ ಕೆಳಗೆ ಒರೆಸುತ್ತಲೇ ಇದ್ದಳು.