ನಾಲ್ಕನೇ ಸೆಕೆಂಡಿನ ಮುಖ

ಹಲಸೂರು ಕೆರೆಯ ಮೇಲಾಣೆ, ಮುರಿದು ಮತ್ತೆ ಕೂಡಿಸಿದ ನನ್ನ ಈ ಎಡಗೈ ಮೂಳೆಯ ಮೇಲಾಣೆ, ಇದರಲ್ಲಿ ಒಂದು ಏಟೂ ಸುಳ್ಳಲ್ಲ.

ನನ್ನ ಹೆಸರು ವೆಂಕಟಸ್ವಾಮಿ. ಇಪ್ಪತ್ತೆರಡು ವರ್ಷದಿಂದ ಸಿನಿಮಾದಲ್ಲಿ ಏಟು ತಿನ್ನುವುದೇ ನನ್ನ ಕೆಲಸ. ನನ್ನನ್ನು ಮಹಡಿಯಿಂದ ಎಸೆದಿದ್ದಾರೆ, ಜೀಪಿಗೆ ಕಟ್ಟಿ ಎಳೆದಿದ್ದಾರೆ, ಒಂದೇ ದಿನ ಮೂರು ಸಲ ಸುಟ್ಟಿದ್ದಾರೆ. ಒಬ್ಬ ಹೀರೋ ಒದ್ದ ರಭಸಕ್ಕೆ ಹಲಸೂರಿನಿಂದ ಹಾರಿ ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯೊಳಗೆ ಬಿದ್ದೆ. ಅಂಗಡಿಯವರು ಬ್ಲೌಸ್ ಪೀಸ್ ತೋರಿಸದೆ ಎದ್ದೇಳಲು ಬಿಡಲಿಲ್ಲ.

ಇಷ್ಟು ಒದೆ ತಿಂದರೂ ನನ್ನ ಮುಖ ಮಾತ್ರ ಒಂದು ಸಿನಿಮಾದಲ್ಲೂ ಕಂಡಿರಲಿಲ್ಲ. ಬೀಳುವವನನ್ನು ಕ್ಯಾಮೆರಾ ಹಿಂದಿನಿಂದಲೇ ಹಿಡಿಯುತ್ತದೆ. ನಮ್ಮಮ್ಮ ಆಂಜನಮ್ಮ ಪ್ರತಿ ಸಲ ಥಿಯೇಟರಿನಲ್ಲಿ ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದಳು.

"ಲೇ ವೆಂಕಟ, ನೀನೆಲ್ಲೋ?"

"ಆ ಬೆನ್ನು ನಂದೇ ಕಣಮ್ಮ."

"ನಿನ್ ಬೆನ್ನು ನೋಡೋಕೆ ಇಲ್ಲೀಗಂಟ ಯಾಕೋ ಬರ್ಲಿ? ಮನೇಲಿ ದಿನಾ ಎಣ್ಣೆ ಹಚ್ತೀನಲ್ಲ!"

ಹೋದ ವರ್ಷ ನನ್ನ ಅದೃಷ್ಟ ಖುಲಾಯಿಸಿತು. ಹೊಸ ಸಿನಿಮಾವೊಂದರಲ್ಲಿ ಹೀರೋ ನನ್ನ ದವಡೆಗೆ ಗುದ್ದುತ್ತಾನೆ, ನಾನು ಗಾಜು ಒಡೆದುಕೊಂಡು ಹೊರಗೆ ಬೀಳುತ್ತೇನೆ, ನಾಲ್ಕನೇ ಸೆಕೆಂಡಿಗೆ ತಲೆ ಎತ್ತಿ ರಕ್ತ ಸುರಿಯುವ ಬಾಯಲ್ಲಿ ನಗುತ್ತೇನೆ. ಪೂರ್ತಿ ಏಳು ಸೆಕೆಂಡ್ ನನ್ನ ಮುಖ! ಎಪ್ಪತ್ತೆಂಟು ವರ್ಷದ ಅಮ್ಮ ಬಿಡುಗಡೆಯ ದಿನಕ್ಕೆಂದು ಹೊಸ ಸೀರೆ ತೆಗೆದಿಟ್ಟಳು.

ಅಷ್ಟರಲ್ಲಿ ಸಿನಿಮಾ, ಪುಸ್ತಕಗಳಲ್ಲಿ ಏನಿರಬಹುದು, ಏನಿರಬಾರದು ಎನ್ನುವ ಕಾನೂನನ್ನು ತಿದ್ದಲು ಶಾಸಕರ ಸಮಿತಿಯೊಂದು ಕೂತಿತು. ಅದರಲ್ಲಿದ್ದ ಕಲಬುರಗಿ ಕಡೆಯ ಲಕ್ಷ್ಮಿಕಾಂತ ಎನ್ನುವ ಶಾಸಕರು ಒಂದು ಸಾಲು ಸೇರಿಸಿದ್ದರು: ಪರದೆಯ ಮೇಲೆ ಯಾವ ಹೊಡೆದಾಟವೂ ಮೂರು ಸೆಕೆಂಡ್ ದಾಟಬಾರದು, ಮಿಕ್ಕಿದ್ದಕ್ಕೆ ಕತ್ತರಿ. ಪುಸ್ತಕದಲ್ಲಾದರೆ ಮೂರು ಸಾಲು. ಅಂದರೆ ಕತ್ತರಿ ಬೀಳುವುದು ಸರಿಯಾಗಿ ನನ್ನ ಮುಖದ ಮೇಲೆ!

ಸಮಿತಿಯವರು ನಮ್ಮ ಕಸುಬಿನವರನ್ನೂ ವಿಚಾರಿಸಲು ದೊಮ್ಮಲೂರಿನ ಒಂದು ಸಭಾಂಗಣಕ್ಕೆ ಕರೆಸಿದರು. ನಾನು ನನ್ನ ಜೊತೆಗಾರ, ಶಿವಾಜಿನಗರದ ರಿಜ್ವಾನ್‌ನನ್ನು ಕರೆದುಕೊಂಡು ಹೋದೆ. ಹೀರೋಗಳ ಬದಲಿಗೆ ಹೊಡೆಯುವ ಕೈ ಅವನದು. ಸಮಿತಿಯ ಅಧ್ಯಕ್ಷೆ ಸುಕನ್ಯ ಮೇಡಂ ಕನ್ನಡಕ ಇಳಿಸಿ ಕೇಳಿದರು.

"ಇದು ನಿಜವಾಗ್ಲೂ ಅಷ್ಟು ಕ್ರೂರನಾ? ತೋರ್ಸಿ ನೋಡೋಣ."

"ಮೇಡಂ, ನಮ್ಮಲ್ಲಿ ಏಟು ತಿನ್ನೋನೇ ಯಜಮಾನ," ಎಂದೆ. "ನಾನು ಕಾಲು ಕುಟ್ಟೋಗಂಟ ಇವ್ನು ಕೈ ಬೀಸಂಗಿಲ್ಲ. ಕುಟ್ಟಿದ್ಮೇಲೆ ಬೀಸ್ದೇ ಇರಂಗಿಲ್ಲ."

"ಇಪ್ಪತ್ತು ವರ್ಷದಿಂದ ಕೈಗೆ ಇದೇ ಆದತ್ ಮೇಡಂ," ಎಂದ ರಿಜ್ವಾನ್. "ಬಸ್ ಸ್ಟಾಪಲ್ಲಿ ಯಾರಾದ್ರೂ ಕಾಲ್ ಕುಟ್ಟಿದ್ರೂ ನಂದು ಕೈ ಕಡೀತೈತೆ."

ನಾನು ಕಾಲು ಕುಟ್ಟಿದೆ. ಗುದ್ದು ಬಿತ್ತು, ಮೇಜಿನ ಮೇಲಿದ್ದ ನೀರಿನ ಬಾಟಲಿಗಳೆಲ್ಲ ಪಟಾಕಿಯಂತೆ ಒಡೆದವು. ಇನ್ನೊಮ್ಮೆ ಕುಟ್ಟಿದೆ. ಒದೆಗೆ ಪಕ್ಕೆಲುಬು ಲಟಕ್ಕೆಂದಿತು. ಬಾಯಲ್ಲಿದ್ದ ಬಣ್ಣದ ಗುಳಿಗೆ ಕಚ್ಚಿ, ಗೋಡೆಯವರೆಗೂ ರಕ್ತ ಉಗಿದೆ. ಲಕ್ಷ್ಮಿಕಾಂತರಿಗೆ ತಡೆಯಲಾಗಲಿಲ್ಲ.

"ಬಂದ್ ಮಾಡ್ರಿ! ಮೂರ್ ಸೆಕೆಂಡ್ ಆತು!" ಎಂದು ಎದ್ದು ನಿಂತು, ಸಿಟ್ಟಿಗೆ ಧಡ್ ಎಂದು ಕಾಲು ಕುಟ್ಟಿದರು.

ರಿಜ್ವಾನ್‌ನ ಇಪ್ಪತ್ತು ವರ್ಷದ ಕೈ ಯಾರನ್ನೂ ಕೇಳಲಿಲ್ಲ. ತಿರುಗಿ ದವಡೆಗೆ ಬಿಟ್ಟ ಏಟಿಗೆ ಶಾಸಕರ ಎರಡು ಹಲ್ಲು ಕಿತ್ತು ಹಾರಿದವು. ಒಂದು ಫ್ಯಾನಿಗೆ ಸಿಕ್ಕಿಕೊಂಡು ತಿರುಗತೊಡಗಿತು. ಇನ್ನೊಂದು ಕಿಟಕಿಯಿಂದ ಹಾರಿ, ಫ್ಲೈಓವರ್ ದಾಟಿ, ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ರೈಲಿಗೆ ಬಡಿದು ಹನ್ನೊಂದು ನಿಮಿಷ ನಿಲ್ಲಿಸಿತು.

ಅವರ ಗನ್‌ಮ್ಯಾನ್‌ಗಳು ಬೂಟುಗಾಲಲ್ಲಿ ಓಡಿ ಬಂದರು. ಓಡುವವರ ಒಂದೊಂದು ಹೆಜ್ಜೆಯೂ ಕುಟ್ಟಿದಂತೆಯೇ ಅಲ್ಲವೇ? ಹೆಜ್ಜೆಗೊಂದು ಏಟು! ಒಬ್ಬನ ಮೂಗು ಒಡೆಯಿತು, ಇನ್ನೊಬ್ಬನ ಹುಬ್ಬು ಸೀಳಿತು, ಮೂರನೆಯವನು ಮೈಕಿನ ಕಂಬ ತಬ್ಬಿಕೊಂಡು ಅದರೊಂದಿಗೇ ಉರುಳಿದ.

"ಮಾಫ್ ಮಾಡಿ ಸಾರ್!" ಹೊಡೆಯುತ್ತಲೇ ರಿಜ್ವಾನ್ ಅಳುತ್ತಿದ್ದ. "ಓಡ್ಬೇಡಿ ಸಾರ್! ಮೆಲ್ಲಗೆ ನಡ್ಕೊಂಡ್ ಬನ್ನಿ!"

ಅಷ್ಟರಲ್ಲಿ ಲಕ್ಷ್ಮಿಕಾಂತರು ಎದ್ದರು. ಬಿಳಿ ಅಂಗಿ ಪೂರಾ ಕೆಂಪು. ಕುರ್ಚಿಯೊಂದನ್ನು ಎತ್ತಿ, ರಿಜ್ವಾನ್‌ಗೆ ಗುರಿಯಿಟ್ಟು ನನಗೆ ಬಡಿದರು. ನಾನು ಬಾಗಿಲಿನ ಗಾಜು ಸೀಳಿಕೊಂಡು ಆಚೆ ಬಿದ್ದೆ. ಸಿನಿಮಾದಲ್ಲಿ ಒಡೆಯುವುದು ಹುಸಿ ಗಾಜು, ಇದು ಅಸಲಿ. ಭುಜಕ್ಕೆ ಆಮೇಲೆ ನಲವತ್ತು ಹೊಲಿಗೆ ಬಿತ್ತು, ಕಿವಿ ಅರ್ಧ ಕಿತ್ತು ಜೋತಾಡುತ್ತಿತ್ತು.

ಸುಕನ್ಯ ಮೇಡಂ ಮೇಜು ಹತ್ತಿ ಕಿರುಚಿದರು. "ಎಲ್ರೂ ಚಪ್ಪಲಿ, ಬೂಟು ಬಿಚ್ಚಿ! ಕಾಲು ಮಡಚಿ ನೆಲದ ಮೇಲೆ ಕೂತ್ಕೊಳ್ಳಿ!"

ಆಗಲೇ ರಿಜ್ವಾನ್‌ನ ಕೈ ನಿಂತಿದ್ದು. ನಾನೂ ತೆವಳಿಕೊಂಡು ಒಳಗೆ ಬಂದೆ.

"ಇವ್ರಿಬ್ಬರನ್ನೂ ಜೈಲಿಗೆ ಹಾಕಸ್ತೀನಿ. ಪುರಾವೆ ಅದ!" ಎಂದು ಲಕ್ಷ್ಮಿಕಾಂತರು ಸಭೆಯನ್ನು ಚಿತ್ರೀಕರಿಸುತ್ತಿದ್ದ ಕ್ಯಾಮೆರಾ ತೋರಿಸಿದರು. ಗೋಡೆಯ ಮೇಲಿನ ಪರದೆಯಲ್ಲಿ ಅದು ಹಿಡಿದ ದೃಶ್ಯ ಹಾಕಿದರು. ಮೊದಲ ಸೆಕೆಂಡಿಗೆ ಶಾಸಕರು ಕಾಲು ಕುಟ್ಟಿದರು. ಎರಡಕ್ಕೆ ಏಟು. ಮೂರಕ್ಕೆ ಅಂಗಾತ ಬಿದ್ದು ಕಾಲು ಮೇಲೆ ಮಾಡಿದರು. ಮೇಡಂ ಅಲ್ಲಿಗೇ ನಿಲ್ಲಿಸಿದರು.

"ಮೂರು ಸೆಕೆಂಡ್ ಆಯ್ತಲ್ಲ ಸಾರ್. ನಿಮ್ಮದೇ ನಿಯಮ."

"ಮುಂದ ಬಿಡ್ರಿ ಮೇಡಂ! ನಾ ಏಳೋದು, ಕುರ್ಚಿ ಎತ್ತೋದು ಎಲ್ಲಾ ಮುಂದ ಅದ. ಇಷ್ಟೇ ನೋಡಿದ್ರ ಮಂದಿ ಏನಂತಾರ?"

ನಾನು ಕಿವಿ ಹಿಡಿದುಕೊಂಡೇ ಹೇಳಿದೆ. "ನಂದೂ ಅದೇ ಗೋಳು ಸಾರ್. ನನ್ ಮುಖ ಬರೋದೂ ನಾಲ್ಕನೇ ಸೆಕೆಂಡ್‌ಗೇ. ನಮ್ಮಮ್ಮ ಕಾಯ್ತಾವ್ಳೆ."

ಶಾಸಕರು ಬಾಯಿಯ ರಕ್ತ ಒರೆಸಿಕೊಂಡು ನನ್ನ ಕಡೆ ಬಾಗಿದರು.

"ಖರೇ ಹೇಳು. ನಾ ಛಲೋ ಹೊಡದ್ನೇನು?"

"ಇಪ್ಪತ್ತೆರಡು ವರ್ಷದಲ್ಲಿ ಇಂಥ ಏಟು ತಿಂದಿಲ್ಲ ಸಾರ್."

ಅವರು ಪೆನ್ನು ತೆಗೆದು ತಾವೇ ಸೇರಿಸಿದ್ದ ಮೂರು ಸೆಕೆಂಡಿನ ಸಾಲನ್ನು ಹೊಡೆದು ಹಾಕಿದರು. ಮಿಕ್ಕ ಸದಸ್ಯರು ಬರಿಗಾಲಲ್ಲಿ ಕೂತಲ್ಲಿಂದಲೇ ಕೈ ಎತ್ತಿ ಒಪ್ಪಿದರು. ಪೊಲೀಸ್ ಕೇಸಿನ ಮಾತನ್ನು ಯಾರೂ ಎತ್ತಲಿಲ್ಲ.

ಬಿಡುಗಡೆಯ ದಿನ ಅಮ್ಮ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಗುದ್ದು ಬಿತ್ತು, ಗಾಜು ಒಡೆಯಿತು, ನಾನು ತಲೆ ಎತ್ತಿದೆ. "ಅಯ್ಯಪ್ಪಾ, ಎಷ್ಟೊಂದು ರಕ್ತ!" ಎಂದು ಅಮ್ಮ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. ಏಳು ಸೆಕೆಂಡ್ ಕಳೆದ ಮೇಲೆ ತೆರೆದಳು.

"ಆಯ್ತೇನೋ? ನೀನೆಲ್ಲೋ?"

ಅದೇ ಸಿನಿಮಾಕ್ಕೆ ಹದಿಮೂರು ಸಲ ಕರೆದುಕೊಂಡು ಹೋದೆ. ಹದಿಮೂರನೇ ಸಲ ಬೆರಳ ಸಂದಿಯಿಂದ ಇಣುಕಿ, "ಲೇ! ಇವ್ನು ನನ್ ಮಗ ಕಣ್ರೋ!" ಎಂದು ಕೂಗಿದಳು ನೋಡಿ, ಬಾಲ್ಕನಿಯವರೆಲ್ಲ ಎದ್ದು ನಿಂತರು.

ಯಾಕೆ, ನಗುತ್ತೀರಿ? ನಂಬಿಕೆ ಬರಲಿಲ್ಲವೇ? ರಿಜ್ವಾನ್ ನಿಮ್ಮ ಹಿಂದಿನ ಬೆಂಚಿನಲ್ಲೇ ಟೀ ಕುಡಿಯುತ್ತಿದ್ದಾನೆ. ಎಲ್ಲಿ, ಎದ್ದು ನಿಂತು ಒಂದೇ ಒಂದು ಸಲ ಕಾಲು ಕುಟ್ಟಿ ನೋಡೋಣ.