ದ್ರಾಕ್ಷಿ ಚಪ್ಪರದ ಕೆಳಗೆ

ಬ್ಯಾಂಕಾಕಿನ ಆ ಸಂಜೆ ಐದನೇ ಸುತ್ತಿನಲ್ಲಿ ರಮ್ಯ ಬಿದ್ದಳು. ಬಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ. ಎದುರಾಳಿಯ ಬಲಗೈ ಗವಸು ದವಡೆಯ ಹತ್ತಿರ ಬರುವುದನ್ನು ಕಂಡಿದ್ದಳು, ಅಷ್ಟೆ. ಮರುಕ್ಷಣ ಒಂದು ದ್ರಾಕ್ಷಿ ಚಪ್ಪರದ ಕೆಳಗೆ ಮಲಗಿದ್ದಳು. ತಲೆಯ ಮೇಲೆಲ್ಲ ಎಲೆ. ಎಲೆಗಳ ನಡುವೆ ಸೋಸಿ ಬಂದ ಬೆಳಕು ಹಸಿರಾಗಿ, ತಣ್ಣಗೆ, ಮುಖದ ಮೇಲೆ ನೀರಿನಂತೆ ಅಲುಗುತ್ತಿತ್ತು. ಹತ್ತಿರದಲ್ಲೆಲ್ಲೋ ಕಾಲುವೆ ಹರಿಯುವ ಸದ್ದು. ಹೆಣ್ಣಿನ ಕೈಯೊಂದು, ಬೆರಳ ತುದಿಗಳೆಲ್ಲ ಹಣ್ಣಿನ ರಸದಿಂದ ನೀಲಿಯಾದ ಕೈ, ಒಂದು ಗೊಂಚಲನ್ನು ಅವಳ ಕಡೆ ಚಾಚಿತ್ತು. ಅವಳಿಗೆ ಅವಸರವೇ ಇರಲಿಲ್ಲ. ತೆಗೆದುಕೊಳ್ಳೋಣ, ತಿನ್ನೋಣ, ಇಲ್ಲೇ ಒಂದು ನಿದ್ದೆ ತೆಗೆಯೋಣ ಅಂದುಕೊಂಡಳು.

ಆಗ ಯಾರೋ ಬಲು ದೂರದಿಂದ ಎಣಿಸುತ್ತ 'ಸಿಕ್ಸ್' ಅಂದರು.

ವರ್ಷಗಟ್ಟಲೆ ಪಳಗಿದ ಕಾಲುಗಳು ತಾವಾಗಿಯೇ ಎದ್ದು ನಿಂತವು. ರೆಫರಿ ಅವಳ ಗವಸುಗಳನ್ನು ತನ್ನ ಅಂಗಿಗೆ ಒರೆಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಆಟ ಮುಂದುವರಿಸಲು ಬಿಟ್ಟ. ಉಳಿದ ಸುತ್ತುಗಳನ್ನು ಮೈ ಆಡಿತು. ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳೇನೋ ಎಂಬಂತಿತ್ತು. ಪಾಯಿಂಟುಗಳಲ್ಲಿ ಗೆದ್ದಳು. ಏಷ್ಯಾ ಚಾಂಪಿಯನ್ ಎಂದು ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿದರು. ತಮ್ಮ ಸುನಿಲ್ ರಿಂಗಿನ ಕಂಬ ಹಿಡಿದು ಅತ್ತ. ತರಬೇತಿ ಕೊಟ್ಟ ಜಿಯಾವುಲ್ಲಾ ಸಾಹೇಬರು ಅವಳ ಹಣೆಗೆ ಮುತ್ತಿಟ್ಟರು. ರಮ್ಯ ಮಾತ್ರ ಸಭಾಂಗಣದ ದೀಪಗಳ ಕಡೆ ತಲೆಯೆತ್ತಿ, ನಾನು ಎಲ್ಲಿಗೆ ಹೋಗಿದ್ದೆ ಎಂದು ಯೋಚಿಸುತ್ತಿದ್ದಳು.

ಅವಳು ಬಾಕ್ಸಿಂಗಿಗೆ ಬಂದದ್ದೇ ಒಂದು ಆಕಸ್ಮಿಕ. ಸುನಿಲ್ ತುಂಬ ದಪ್ಪಗಾಗಿದ್ದಾನೆಂದು ಅಪ್ಪ ಅವನನ್ನು ಶಿವಾಜಿನಗರದ ಒಂದು ಗರಡಿಗೆ ಸೇರಿಸಿದ್ದ. ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುವುದು ಅಕ್ಕನ ಕೆಲಸ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಕೆಳಗೆ ಅತ್ತರಿನ ಅಂಗಡಿ, ಮೇಲೆ ಗರಡಿ. ಮರದ ಮೆಟ್ಟಿಲು ಹತ್ತುತ್ತಿದ್ದಂತೆ ಗುಲಾಬಿಯ ವಾಸನೆ ಹೋಗಿ ಬೆವರಿನ ವಾಸನೆ ಬರುತ್ತಿತ್ತು. ಸುನಿಲ್ ವಾರದಲ್ಲೇ ಕೈಬಿಟ್ಟ. ರಮ್ಯ ಬಿಡಲಿಲ್ಲ. ಹಲಸೂರಿನ ಎಂಇಜಿ ಸೇನಾಪಡೆಯಲ್ಲಿ ಹವಾಲ್ದಾರರಾಗಿ, ಸೇನೆಗಾಗಿ ಆಡಿ ನಿವೃತ್ತರಾಗಿದ್ದ ಜಿಯಾವುಲ್ಲಾ, ಬೆಂಚಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ ಈ ಎತ್ತರದ ಹುಡುಗಿಯ ಕಾಲುಗಳನ್ನೇ ನೋಡಿ, "ತಮ್ಮನ್ನ ಬಿಡು, ನೀನು ಬಾ ಬೇಟಿ" ಅಂದಿದ್ದರು.

ರಾಜ್ಯ, ರಾಷ್ಟ್ರ ಎಲ್ಲ ಆದಮೇಲೆ ವೃತ್ತಿಪರಳಾದಳು. ಮೊದಲ ಪಂದ್ಯ ಕೆ.ಆರ್. ಪುರದ ಒಂದು ಕಲ್ಯಾಣ ಮಂಟಪದಲ್ಲಿ. ಬೆಳಿಗ್ಗೆ ಮದುವೆ ಮುಗಿದಿತ್ತು. ಬಾಗಿಲಿಗೆ ಕಟ್ಟಿದ ಬಾಳೆಕಂದು ಇನ್ನೂ ಬಾಡಿರಲಿಲ್ಲ. ಮಂಟಪವಿದ್ದ ಜಾಗಕ್ಕೆ ಎದುರಾಗಿ ರಿಂಗು ಹಾಕಿದ್ದರು. ಗಾಜಿನ ತೂಗುದೀಪಗಳ ಕೆಳಗೆ, ನೆಲದಲ್ಲಿ ಅಲ್ಲಲ್ಲಿ ಅಂಟಿಕೊಂಡ ಅಕ್ಷತೆಯ ಅಕ್ಕಿಯನ್ನು ತುಳಿಯುತ್ತ ಅವಳು ರಿಂಗಿನ ಕಡೆ ನಡೆದಳು. ಆ ದಿನದಿಂದಲೂ ಅವಳಿಗೆ ಈ ಆಟ ಪೂರ್ತಿ ಎಚ್ಚರದಲ್ಲಿ ನಡೆಯುವಂಥದ್ದು ಅನ್ನಿಸಿರಲಿಲ್ಲ.

ಬ್ಯಾಂಕಾಕಿನಿಂದ ಬಂದಮೇಲೆ ಕಗ್ಗದಾಸಪುರದ ಮುಖ್ಯರಸ್ತೆಯಲ್ಲಿ ಅವಳ ಫ್ಲೆಕ್ಸು ನಿಂತಿತು. ತಮಟೆ ಬಡಿದರು. ಸಿ.ವಿ. ರಾಮನ್ ನಗರದ ಅಪಾರ್ಟ್‌ಮೆಂಟುಗಳ ಮಕ್ಕಳು ಸೆಲ್ಫಿಗೆ ಬಂದರು. ಅವಳು ನಕ್ಕಳು, ನಿಂತಳು, ಸಹಿ ಹಾಕಿದಳು. ಆದರೆ ಎಲ್ಲವೂ ತೆಳುವಾಗಿತ್ತು. ಮುಂಜಾನೆ ಹಲಸೂರು ಕೆರೆಯ ಸುತ್ತ ಓಡುವಾಗ ಮಂಜು ನೀರಿನಿಂದ ಎದ್ದು ದಾರಿಯ ಮೇಲೆ ಬರುತ್ತಿತ್ತು. ಆ ಮಂಜಿನೊಳಕ್ಕೆ ಓಡುವಾಗ ಅವಳ ಎದೆ ಡವಡವ ಅನ್ನುತ್ತಿತ್ತು. ಆಚೆ ಕಡೆ ಚಪ್ಪರ ಇರಬಹುದು ಎಂದು. ಆಚೆ ಕಡೆ ಇರುತ್ತಿದ್ದದ್ದು ಗುರುದ್ವಾರದ ಬಿಳಿ ಗುಮ್ಮಟ, ಹಾಲಿನ ವ್ಯಾನು.

ಒಂದು ದಿನ ಗರಡಿಯಲ್ಲಿ ರಿಜ್ವಾನ್ ಎಂಬವನ ಜೊತೆ ಅಭ್ಯಾಸ ಮಾಡುತ್ತಿದ್ದಾಗ ಅವನ ಕೈ ತಪ್ಪಿ ಜೋರಾಗಿ ಅವಳ ಕೆನ್ನೆಗೆ ತಗುಲಿತು. ಅರೆಗಳಿಗೆ ಕಣ್ಣ ಮುಂದೆ ಹಸಿರು ಮಿನುಗಿತು. ಕಾಲುವೆಯ ನೀರು ಒಂದು ಹನಿಯಷ್ಟು ಕೇಳಿಸಿತು. ರಿಜ್ವಾನ್ "ಸಾರಿ ಅಕ್ಕ, ಸಾರಿ" ಎಂದು ಗಾಬರಿಯಾದ. "ಪರವಾಗಿಲ್ಲ, ಆಡು" ಅಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಕೃತಜ್ಞತೆ ಇತ್ತು. ಅದು ಅವಳಿಗೇ ಕೇಳಿಸಿತು.

ಆಮೇಲೆ ಅವಳ ಎಡಗೈ ಕೆಳಗಿಳಿಯತೊಡಗಿತು. ಗಲ್ಲವನ್ನು ಕಾಯಬೇಕಾದ ಕೈ, ನಿದ್ದೆಗಣ್ಣಿನ ಕಾವಲುಗಾರನಂತೆ, ಭುಜದಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಜಾರುತ್ತಿತ್ತು. ಜಿಯಾವುಲ್ಲಾ ಮೊದಲು ಕೂಗಿದರು, ಆಮೇಲೆ ಬೈದರು. ಕೊನೆಗೆ ನರರೋಗದ ಡಾಕ್ಟರಮ್ಮನ ಬಳಿ ಕರೆದೊಯ್ದರು. ಆಕೆ ಸ್ಕ್ಯಾನಿನ ಚಿತ್ರಗಳನ್ನು ದೀಪಕ್ಕೆ ಹಿಡಿದು, ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಆದರೆ ಇನ್ನೊಮ್ಮೆ ಹಾಗೆ ಬಿದ್ದರೆ ನಾನು ಜವಾಬ್ದಾರಳಲ್ಲ ಅಂದರು.

ಗರಡಿಗೆ ಹಿಂತಿರುಗಿದಮೇಲೆ ಜಿಯಾವುಲ್ಲಾ ಬಾಗಿಲು ಮುಂದಕ್ಕೆಳೆದು ಅವಳ ಎದುರು ಕೂತರು.

"ಕೈ ಬೀಳ್ತಾ ಇಲ್ಲ ಬೇಟಿ. ನೀನೇ ಬಿಡ್ತಾ ಇದೀಯ."

ರಮ್ಯ ತನ್ನ ಎಡಗೈಯನ್ನು ನೋಡಿಕೊಂಡಳು.

"ಏನ್ ಕಾಣಿಸುತ್ತೆ ಅಲ್ಲಿ?" ಅಂದರು ಅವರು, ಮೆಲ್ಲಗೆ.

ಅವಳು ಬೆಚ್ಚಿ ನೋಡಿದಳು. "ನಿಮಗೆ ಹೇಗೆ ಗೊತ್ತು ಉಸ್ತಾದ್?"

"ಹೊಡೆತ ತಿಂದು ಬಿದ್ದಾಗೆಲ್ಲ ನಂಗೆ ಒಂದು ರೈಲು ಬರ್ತಿತ್ತು. ಕಂಟೋನ್ಮೆಂಟ್ ಸ್ಟೇಷನ್ನೇ, ಆದ್ರೆ ಪ್ಲಾಟ್‌ಫಾರಂ ಮೇಲೆ ಒಬ್ರೂ ಇಲ್ಲ. ಖಾಲಿ ರೈಲು, ಎಲ್ಲಾ ಕಿಟಕಿಗೂ ಬಿಳಿ ಪರದೆ. ಎಷ್ಟು ಚೆನ್ನಾಗಿತ್ತು ಅಂದ್ರೆ, ಹತ್ಕೊಂಡ್ಬಿಡೋಣ ಅನ್ನಿಸೋದು."

"ಹತ್ತಿದ್ರೆ?"

"ಹತ್ತಿದವ್ನು ಒಬ್ನಿದ್ದ. ನನ್ನ ಜೊತೆಗಾರ. ಇವತ್ತಿಗೂ ಅವ್ನ ಹೆಂಡ್ತಿ ಅವ್ನಿಗೆ ಅನ್ನ ಕಲಸಿ ತಿನ್ನಿಸ್ತಾಳೆ." ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಬೆಲ್ಟು ಉಳಿಸ್ಕೊಳ್ಳೋ ಪಂದ್ಯ ಬರ್ತಾ ಇದೆ. ಒಪ್ಕೋಬೇಕಾ ಬೇಡ್ವಾ, ನೀನು ಹೇಳು. ನಾನು ಹೇಳಲ್ಲ."

ಮನೆಗೆ ಬಂದಾಗ ಅಜ್ಜಿ ಪಟಾಲಮ್ಮ ಮಹಡಿಯ ಮೇಲೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸುತ್ತ ಬಾಡಿಗೆ ಮನೆಗಳ ನೀರಿನ ಟ್ಯಾಂಕುಗಳು, ಒಣಗಲು ಹಾಕಿದ ಬಟ್ಟೆಗಳು. ಇವೆಲ್ಲ ಒಂದು ಕಾಲಕ್ಕೆ ತಮ್ಮ ಹೊಲವಾಗಿತ್ತೆಂದು ರಮ್ಯ ಕೇಳಿದ್ದಳು. ಬ್ಯಾಂಕಾಕಿನಿಂದ ಬಂದಂದಿನಿಂದ ಅವಳ ಮನಸ್ಸಿನಲ್ಲಿ ಒಂದು ನಂಬಿಕೆ ಬೇರೂರಿತ್ತು: ತಾನು ಕಂಡದ್ದು ಈ ಮಣ್ಣನ್ನೇ, ತಾನು ಹುಟ್ಟುವ ಮೊದಲಿನ ತಮ್ಮದೇ ತೋಟವನ್ನು, ಆ ಕೈ ಅಜ್ಜಿಯದು, ಎಳೆಯ ವಯಸ್ಸಿನದು.

ಅಜ್ಜಿಯ ಪಕ್ಕ ಕೂತು, ಒಂದು ಹಿಡಿ ಕಾಯಿ ತಾನೂ ತೆಗೆದುಕೊಂಡು, ಎಲ್ಲವನ್ನೂ ಹೇಳಿದಳು. ಎಲೆಯ ಬೆಳಕು, ನೀರು, ನೀಲಿ ಬೆರಳು.

ಪಟಾಲಮ್ಮ ಕೈ ನಿಲ್ಲಿಸದೆ ಕೇಳಿದಳು. ಕೇಳಿ ಮುಗಿದಮೇಲೆ ನಕ್ಕಳು.

"ದ್ರಾಕ್ಷಿ ಎಲ್ಲಿತ್ತಮ್ಮಿ ನಮಗೆ? ಆ ಕಡೆ ರೆಡ್ಡಿಗಳು ಇಕ್ಕಿದ್ರು, ಅದ್ಕೆ ಕಲ್ಲುಕಂಬ, ತಂತಿ, ಔಸ್ದಿ ಅಂತ ದುಡ್ಡು ಬೇಕಿತ್ತು. ನಮ್ದು ರಾಗಿ, ಹುಳ್ಳಿ. ಒಂದೀಟು ನವಿಲುಕೋಸು. ಕಾಲುವೆ ಅಂತೂ ಇಲ್ವೇ ಇಲ್ಲ, ಬಾವಿಯಾಗೆ ಸೇದಿ ಸೇದಿ ನನ್ ಬೆನ್ನು ಹೋಯ್ತು."

"ನೀನು ಅಲ್ಲಿಗೆ ಯಾವತ್ತೂ ಹೋಗಿರ್ಲಿಲ್ವಾ? ಚಿಕ್ಕವಳಿದ್ದಾಗ?"

"ಬೇಲಿ ಈಚೆಯಿಂದ ನೋಡಿದೀನಿ. ಆ ಕೈ ನಂದಲ್ಲ ಕಣಮ್ಮಿ. ನಿಮ್ಮವ್ವಂದೂ ಅಲ್ಲ." ಅಜ್ಜಿ ಈಗ ಸುಲಿಯುವುದನ್ನು ನಿಲ್ಲಿಸಿದ್ದಳು. "ಮುಖ ನೋಡಿದ್ಯಾ?"

"ಇಲ್ಲ."

"ಮುಖ ತೋರಿಸ್ದೆ ಇರೋರು ಕರೆದ್ರೆ ಹೋಗ್ತಾರೇನೇ? ನಾನು ಮದ್ವೆಯಾಗಿ ಬಂದಾಗ ಈ ಊರಾಗೆ ಎಲ್ಲಾರ ಬಾಗಿಲ ಮೇಲೂ 'ನಾಳೆ ಬಾ' ಅಂತ ಬರೆದಿರೋರು. ರಾತ್ರಿ ಬಂದು ನಮ್ಮೋರ ದನಿಯಾಗೇ ಕರೀತಿತ್ತಂತೆ ಆ ದೆವ್ವ. ಗಂಡನ ದನಿ, ಅವ್ವನ ದನಿ. ಬಲೇ ಪ್ರೀತಿಯಿಂದ."

ಸಂಜೆಯ ಬಿಸಿಲು ಟ್ಯಾಂಕುಗಳ ಮೇಲಿಂದ ಇಳಿಯುವವರೆಗೂ ರಮ್ಯ ಅಲ್ಲೇ ಕೂತಿದ್ದಳು. ಅಜ್ಜಿಯ ಮಾತಿನಿಂದ ಚಪ್ಪರ ಮಾಯವಾಗಲಿಲ್ಲ. ಅದು ಅಷ್ಟೇ ಹಸಿರಾಗಿ, ಅಷ್ಟೇ ತಣ್ಣಗೆ ಒಳಗೆ ಇತ್ತು. ತಮ್ಮದಲ್ಲ ಎಂದು ಗೊತ್ತಾದಮೇಲೆ ಅದರ ಮೇಲಿನ ಆಸೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಆದರೆ ಅದರ ಜೊತೆಗೆ ಮೊದಲ ಬಾರಿ ಭಯವೂ ಹುಟ್ಟಿತು. ಪಂದ್ಯಕ್ಕೆ ಒಪ್ಪಿದಳು. ಆ ಚಪ್ಪರಕ್ಕೆ ಹೋಗುವುದಕ್ಕಲ್ಲ, ಹೋಗದೆ ಇರಬಲ್ಲೆನೇ ಎಂದು ನೋಡುವುದಕ್ಕೆ.

ಪಂದ್ಯ ನಡೆದದ್ದು ಟಿನ್ ಫ್ಯಾಕ್ಟರಿಯಿಂದ ಸ್ವಲ್ಪ ಮುಂದೆ, ಹಳೆ ಮದ್ರಾಸು ರಸ್ತೆಗೆ ಮುಖಮಾಡಿದ ಹೊಸ ಸಭಾಂಗಣವೊಂದರಲ್ಲಿ. ಎದುರಾಳಿ ಫಿಲಿಪೀನ್ಸಿನ ಮರಿಸೆಲ್, ಗಿಡ್ಡ ಮೈಕಟ್ಟಿನ, ಇಪ್ಪತ್ತು ದಾಟಿದ ಹುಡುಗಿ. ರಮ್ಯಳ ಎಡಗೈ ಅಂದು ಗಲ್ಲದ ಪಕ್ಕ ಮೊಳೆ ಹೊಡೆದಂತೆ ನಿಂತಿತು. ನಾಲ್ಕನೇ ಸುತ್ತಿನಲ್ಲಿ ಅವಳ ಬಲಗೈ ಸರಿಯಾಗಿ ಕೂತು ಮರಿಸೆಲ್ ಕೆಳಗೆ ಕುಸಿದಳು. ಜನ ಎದ್ದು ಕುಣಿದರು. ಎಣಿಕೆ ನಡೆಯುತ್ತಿದ್ದಾಗ ಆ ಹುಡುಗಿಯ ತುಟಿಯ ಮೇಲೆ ಸಣ್ಣದೊಂದು ನಗು ಇದ್ದದ್ದನ್ನು ರಮ್ಯ ಮಾತ್ರ ಕಂಡಳು. ಮರಿಸೆಲ್ ಎದ್ದಳು, ಎದ್ದಮೇಲೆ ಇನ್ನೂ ಚುರುಕಾದಳು. ಗೆಲುವು ಕೊಂಚ ಕೊಂಚವಾಗಿ ಅವಳ ಕಡೆ ವಾಲತೊಡಗಿತು.

ಒಂಬತ್ತನೇ ಸುತ್ತು ಮುಗಿದು ಮೂಲೆಗೆ ಬಂದಾಗ ಜಿಯಾವುಲ್ಲಾ ಅವಳ ಮುಖಕ್ಕೆ ಒದ್ದೆ ಬಟ್ಟೆ ಒತ್ತಿ ಹೇಳಿದರು: "ಪಾಯಿಂಟ್‌ನಲ್ಲಿ ಹಿಂದೆ ಇದೀವಿ. ಉಳಿದಿರೋದು ಒಂದೇ ಸುತ್ತು. ಗೆಲ್ಲಬೇಕಂದ್ರೆ ಕೈ ಬಿಚ್ಚಿ ಒಳಗೆ ಹೋಗ್ಬೇಕು. ಹೊಡೀತೀಯ, ಹೊಡ್ಸಿಕೊಳ್ತೀಯ. ಹೋಗ್ತೀಯಾ?"

ಹೋಗಬೇಕು ಎಂದು ಅವಳ ಇಡೀ ಮೈ ಹೇಳಿತು. ಎಷ್ಟು ಬಲವಾಗಿ ಹೇಳಿತೆಂದರೆ ಅವಳಿಗೆ ಅನುಮಾನ ಬಂತು. ಹೋಗಬೇಕು ಅನ್ನುತ್ತಿರುವುದು ಬೆಲ್ಟಿಗಾಗಿಯೋ, ಆ ಹಸಿರು ಬೆಳಕಿಗಾಗಿಯೋ? ಅವಳು ಸ್ಟೂಲಿನ ಮೇಲೆ ಕೂತು ತನ್ನನ್ನೇ ಕೇಳಿಕೊಂಡಳು. ಎರಡೂ ಒಂದರೊಳಗೊಂದು ಬೆರೆತು, ಹಾಲು ಯಾವುದು ನೀರು ಯಾವುದು ತಿಳಿಯದಂತಾಗಿತ್ತು.

"ಗೊತ್ತಾಗ್ತಿಲ್ಲ ಉಸ್ತಾದ್," ಅಂದಳು. "ಯಾತಕ್ಕೆ ಹೋಗ್ತೀನಿ ಅಂತ ನಂಗೇ ಗೊತ್ತಾಗ್ತಿಲ್ಲ."

ಅವರು ಅವಳ ಎಡಗೈಯನ್ನು ಗಲ್ಲದ ಪಕ್ಕಕ್ಕೆ ಎತ್ತಿಟ್ಟರು. "ಹಾಗಾದ್ರೆ ಕೈ ಮೇಲಿಟ್ಕೊಂಡು ಆಡಿ ಬಾ."

ಹಾಗೇ ಆಡಿದಳು. ಜನ ಮೊದಲು ಕೂಗಿದರು, ಆಮೇಲೆ ಗೊಣಗಿದರು, ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು. ಸೋತಳು. ರೆಫರಿ ಮರಿಸೆಲ್‌ಳ ಕೈ ಎತ್ತಿದಾಗ ರಮ್ಯಳಿಗೆ ದುಃಖವಾಯಿತು. ನಿಜವಾದ, ಗಟ್ಟಿಯಾದ ದುಃಖ. ಎಷ್ಟೋ ತಿಂಗಳುಗಳ ಮೇಲೆ ತೆಳುವಲ್ಲದ ಏನೋ ಒಂದು ಅವಳ ಕೈಗೆ ಸಿಕ್ಕಿತ್ತು. ಅದೇ ಅವಳ ಕೊನೆಯ ಪಂದ್ಯವಾಯಿತು. ಮತ್ತೆಂದೂ ಅವಳು ರಿಂಗಿನಲ್ಲಿ ಆಡಲಿಲ್ಲ, ಯಾರು ಕೇಳಿದರೂ ಕಾರಣ ಹೇಳಲಿಲ್ಲ.

ಉಡುಪು ಬದಲಿಸುವ ಕೋಣೆ ಇಬ್ಬರಿಗೂ ಒಂದೇ ಆಗಿತ್ತು. ಮರಿಸೆಲ್ ಬೆಲ್ಟನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಅವಳ ಕಡೆಯವರು ಹೊರಗೆ ಫೋಟೋಗಳ ಗಲಾಟೆಯಲ್ಲಿದ್ದರು. ಅವಳ ತುಟಿ ಒಡೆದಿತ್ತು, ಕಣ್ಣು ಎದುರಿನ ಗೋಡೆಯನ್ನು ದಾಟಿ ಎಲ್ಲೋ ನೆಟ್ಟಿತ್ತು. ಆ ನೋಟವನ್ನು ರಮ್ಯ ಕನ್ನಡಿಯಲ್ಲಿ ಎಷ್ಟೋ ದಿನ ಕಂಡಿದ್ದಳು. ಹತ್ತಿರ ಹೋಗಿ ಕೂತು, ತನಗೆ ಬರುವ ಹರುಕು ಇಂಗ್ಲಿಷಿನಲ್ಲಿ, ನಾಲ್ಕನೇ ಸುತ್ತು, ನೀನು ಬಿದ್ದಾಗ, ಏನು ಕಂಡೆ ಎಂದು ಕೇಳಿದಳು.

ಹುಡುಗಿ ತಿರುಗಿ ನೋಡಿದಳು. ಗುಟ್ಟು ಹೇಳುವವಳಂತೆ, "ಕಡಲು" ಅಂದಳು. "ಅಪ್ಪನ ದೋಣಿ. ದೀಪ ಹಚ್ಚಿದ್ದರು."

"ಅಪ್ಪ ಇದಾರಾ?"

ಮರಿಸೆಲ್ ಇಲ್ಲವೆಂದು ತಲೆಯಾಡಿಸಿದಳು. ಆಡಿಸುತ್ತಲೇ ಅದೇ ಸಣ್ಣ ನಗು ಮತ್ತೆ ಬಂತು.

ಹೇಳಬೇಕಾದದ್ದು ರಮ್ಯಳ ಬಳಿ ಬೇಕಾದಷ್ಟಿತ್ತು. ಅಜ್ಜಿಯ ಮಾತನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು, ಉಸ್ತಾದರ ಜೊತೆಗಾರನ ಕತೆಯನ್ನು ಎಲ್ಲಿಂದ ಶುರುಮಾಡುವುದು? ಬಕೆಟ್ಟಿನಿಂದ ಐಸಿನ ಚೀಲ ತೆಗೆದು, ಹುಡುಗಿಯ ಕತ್ತಿನ ಹಿಂದೆ ಒತ್ತಿ ಹಿಡಿದಳು. ಮರಿಸೆಲ್ ಚಳಿಗೆ ಒಮ್ಮೆ ನಡುಗಿ, ಕಣ್ಣು ಪಿಳಿಪಿಳಿಸಿ, ಮೊದಲ ಸಲ ಕೋಣೆಯನ್ನು ನೋಡಿದಳು.

ಸುನಿಲ್ ಬಾಗಿಲಲ್ಲಿ ತಲೆಹಾಕಿದ. "ಅಕ್ಕ, ಗಾಡಿ ರೋಡಿಗೆ ಅಡ್ಡ ನಿಲ್ಸಿದೀನಿ, ಬಸ್ಸಿನವ್ರು ಹಾರನ್ ಹೊಡೆದು ಸಾಯಿಸ್ತಿದಾರೆ. ಬೇಗ ಬಾ."

"ಸ್ವಲ್ಪ ಇರು," ಅಂದಳು ರಮ್ಯ. "ಈ ಹುಡುಗಿಗೆ ಪೂರ್ತಿ ಎಚ್ಚರ ಆಗ್ಲಿ."